ಫೋನು, ಕಂಪ್ಯೂಟರು, ಒಂದೇ ಕ್ಯಾಲೆಂಡರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮನೆ, ಮಂಡ್ಯದಲ್ಲಿ ನೌಕರಿ. ಅಥವಾ ಮಂಡ್ಯದ ಹಳ್ಳಿಯಲ್ಲಿ ಜಮೀನು, ಮಕ್ಕಳ ಓದು ಮೈಸೂರಿನಲ್ಲಿ. ನಮ್ಮ ಕಡೆಯ ಎಷ್ಟೋ ಸಂಸಾರಗಳು ಸುಮಾರು 45 ಕಿ.ಮೀ. ದಾರಿಯ ಎರಡೂ ತುದಿಯಲ್ಲಿ ಹಂಚಿಕೊಂಡು ನಡೆಯುತ್ತವೆ. ಅಪ್ಪನನ್ನು ಕೆ.ಆರ್. ಆಸ್ಪತ್ರೆಗೆ ಮತ್ತೆ ಕರೆದೊಯ್ಯಬೇಕಾದ ದಿನ ಒಬ್ಬರ ಫೋನಿನಲ್ಲಿರುತ್ತದೆ, ಮಗಳ ಪರೀಕ್ಷೆಯ ವೇಳಾಪಟ್ಟಿ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ, ಸೊಸೈಟಿ ಸಾಲದ ಕಂತು ಗೋಡೆಯ ಕ್ಯಾಲೆಂಡರಿನಲ್ಲಿ. ಇವೆಲ್ಲ ಒಂದೇ ಕಡೆ ಇದ್ದು, ಯಾವ ಸಾಧನ ತೆರೆದರೂ ಕಾಣುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಕುವೆಂಪುನಗರದ ನೆರೆಹೊರೆಯವರು, ಮಂಡ್ಯದ ನೆಂಟರು, ನಿವೃತ್ತ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

ಸಿಂಕ್ ಅಂದ್ರೆ ಏನು? ಫೋನಿನಿಂದ ಕಂಪ್ಯೂಟರಿಗೆ ಕಾಪಿ ಆಗೋದಾ?

ನೇರವಾಗಿ ಅಲ್ಲ. ಫೋನು ಮತ್ತು ಕಂಪ್ಯೂಟರು ಒಂದರ ಜೊತೆ ಒಂದು ಮಾತಾಡುವುದೇ ಇಲ್ಲ. ಎರಡೂ ಇಂಟರ್ನೆಟ್ಟಿನಲ್ಲಿರುವ ನಿಮ್ಮ ಖಾತೆಯ ಜೊತೆ ಮಾತಾಡುತ್ತವೆ. ಬ್ಯಾಂಕಿನ ಲೆಕ್ಕದ ಹಾಗೆ: ದುಡ್ಡನ್ನು ಮಂಡ್ಯದ ಶಾಖೆಯಲ್ಲಿ ಕಟ್ಟಿ, ಪಾಸ್‌ಬುಕ್ಕನ್ನು ಮೈಸೂರಿನ ಸರಸ್ವತಿಪುರಂ ಶಾಖೆಯಲ್ಲಿ ಮುದ್ರಿಸಿದರೂ ಲೆಕ್ಕ ಒಂದೇ.

ಪ್ರತಿಯೊಂದು ನಮೂದಿಗೂ ಅದರದೇ ಆದ ಗುರುತಿನ ಸಂಖ್ಯೆ ಒಂದಿರುತ್ತದೆ. ನೀವು ಫೋನಿನಲ್ಲಿ ಸಮಯ ಬದಲಿಸಿದಾಗ, ಆ ಸಂಖ್ಯೆಯ ನಮೂದು ಬದಲಾಗಿದೆ ಎಂದು ಖಾತೆಗೆ ಸುದ್ದಿ ಹೋಗುತ್ತದೆ. ಕಂಪ್ಯೂಟರು ಮುಂದಿನ ಸಲ ವಿಚಾರಿಸಿದಾಗ, ಬದಲಾದದ್ದಷ್ಟನ್ನು ಪಡೆದುಕೊಳ್ಳುತ್ತದೆ. ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದರ ನಮೂದನ್ನು ಇನ್ನೊಂದು ಓದಲು ಸಾಧ್ಯವಾಗಿರುವುದು ಐಕ್ಯಾಲೆಂಡರ್ ಎಂಬ ಮುಕ್ತ ಮಾನಕದಿಂದ. ಅದು 1998ರಲ್ಲಿ ಬಂತು, 2009ರಲ್ಲಿ ಪರಿಷ್ಕಾರವಾಯಿತು. ಆ ನಮೂದುಗಳು ಸರ್ವರ್ (ನಿಮ್ಮ ಖಾತೆ ಇರುವ ಇಂಟರ್ನೆಟ್ಟಿನ ಕಂಪ್ಯೂಟರು) ಜೊತೆ ಹೇಗೆ ಹೋಗಿ ಬರಬೇಕೆಂದು ಹೇಳುವ ಕ್ಯಾಲ್‌ಡ್ಯಾವ್ ಎಂಬ ಮಾನಕ 2007ರದ್ದು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಲೇಬೇಕೆಂದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಕಂಡಾಗ ಗಾಬರಿಯಾಗದಿದ್ದರೆ ಸಾಕು.

ಗೂಗಲ್, ಐಕ್ಲೌಡ್, ಔಟ್‌ಲುಕ್ ಮೂರೂ ಇವೆ. ಯಾವುದು ಇಟ್ಟುಕೊಳ್ಳಲಿ?

ಯಾವುದಾದರೂ ಒಂದು. ಆ ಒಂದನ್ನು ಬಿಟ್ಟು ಬೇರೆಡೆ ಏನೂ ಬರೆಯಬೇಡಿ. ಮೂರೂ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಮೂರರಲ್ಲೂ ಚೂರುಚೂರು ಬರೆದಾಗಲೇ ತೊಂದರೆ ಶುರುವಾಗುವುದು.

ಮನೆಯಲ್ಲಿ ಆಂಡ್ರಾಯ್ಡ್ ಫೋನುಗಳೂ ಒಂದು ವಿಂಡೋಸ್ ಕಂಪ್ಯೂಟರೂ ಇದ್ದರೆ ಗೂಗಲ್ ಕ್ಯಾಲೆಂಡರ್ ಸರಿ. ಎಲ್ಲರ ಕೈಲೂ ಐಫೋನು, ಮೇಜಿನ ಮೇಲೆ ಮ್ಯಾಕ್ ಇದ್ದರೆ ಐಕ್ಲೌಡ್ ಸಲೀಸು. ಗಂಡನ ಹತ್ತಿರ ಆಂಡ್ರಾಯ್ಡ್, ಹೆಂಡತಿಯ ಹತ್ತಿರ ಐಫೋನ್ ಇರುವ ಮನೆಗಳಿಗೆ ನಾನು ಗೂಗಲ್ ಅನ್ನೇ ಹೇಳುತ್ತೇನೆ, ಏಕೆಂದರೆ ಐಫೋನಿನಲ್ಲಿ ಗೂಗಲ್ ಖಾತೆ ಸೇರಿಸುವುದು ಸುಲಭ, ಆಂಡ್ರಾಯ್ಡ್‌ನಲ್ಲಿ ಐಕ್ಲೌಡ್ ಕ್ಯಾಲೆಂಡರ್ ತರುವುದು ಸುತ್ತುಬಳಸಿನ ದಾರಿ. ತಮ್ಮ ದಿನಚರಿ ದೊಡ್ಡ ಕಂಪನಿಗಳ ಕೈಗೆ ಹೋಗುವುದೇ ಬೇಡ ಎನ್ನುವವರಿಗೆ, ಸ್ವಂತ ಸರ್ವರಿನಲ್ಲಿ ನಡೆಸಬಹುದಾದ ನೆಕ್ಸ್ಟ್‌ಕ್ಲೌಡ್ ಇದೆ. ಅದನ್ನು ಆಂಡ್ರಾಯ್ಡ್ ಜೊತೆ ಜೋಡಿಸಲು ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಬಳಸುತ್ತಾರೆ. ಸರ್ವರ್ ನೋಡಿಕೊಳ್ಳುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ಆಯ್ಕೆ.

ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಕಾಣ್ತಾನೇ ಇಲ್ಲ. ಏನು ಮಾಡ್ಲಿ?

ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಇಂಟರ್ನೆಟ್ ಸರಿಯಿಲ್ಲ, ಫೋನು ಹಳೆಯದಾಯಿತು ಎಂದು ಏನೇನೋ ಊಹಿಸುವ ಮೊದಲು ಒಂದೇ ಒಂದನ್ನು ನೋಡಿ: ಆ ನಮೂದು ಯಾವ ಖಾತೆಯಲ್ಲಿ ಉಳಿದಿದೆ?

ನಮೂದನ್ನು ತೆರೆಯಿರಿ. ಅದರೊಳಗೆ ಎಲ್ಲೋ ಒಂದು ಕಡೆ ನಿಮ್ಮ ಜಿಮೇಲ್ ವಿಳಾಸ ಇರಬೇಕು. ಅದರ ಬದಲು ‘ಮೈ ಫೋನ್’, ‘ಲೋಕಲ್’, ‘ಡಿವೈಸ್’ ಎಂಬಂಥ ಹೆಸರಿದ್ದರೆ ಕಾರಣ ಸಿಕ್ಕಿತು. ಕೆಲವು ಫೋನುಗಳ ಜೊತೆ ಬರುವ ಕ್ಯಾಲೆಂಡರ್ ಆ್ಯಪ್‌ಗಳು ನಮೂದನ್ನು ಫೋನಿನೊಳಗೇ ಇಟ್ಟುಕೊಳ್ಳುತ್ತವೆ. ಅಂಥದ್ದು ಎಷ್ಟು ವರ್ಷ ಕಾದರೂ ಬೇರೆ ಕಡೆ ಕಾಣುವುದಿಲ್ಲ, ಫೋನು ಕೆಟ್ಟರೆ ಅದರ ಜೊತೆಗೇ ಹೋಗುತ್ತದೆ. ಆ ನಮೂದಿನ ಕ್ಯಾಲೆಂಡರನ್ನು ಬದಲಿಸುವ ಆಯ್ಕೆ ನಿಮ್ಮ ಆ್ಯಪ್‌ನಲ್ಲಿದ್ದರೆ ಗೂಗಲ್ ಖಾತೆಗೆ ಬದಲಿಸಿ. ಇಲ್ಲದಿದ್ದರೆ ಮುಂದೆ ಬರಲಿರುವ ದಿನಗಳ ನಮೂದುಗಳನ್ನು ಮಾತ್ರ ಹೊಸದಾಗಿ ಬರೆದುಕೊಳ್ಳಿ, ಹಳೆಯದರ ಗೊಡವೆ ಬೇಡ. ಆಮೇಲೆ ಹೊಸ ನಮೂದು ತಾನಾಗಿಯೇ ಗೂಗಲ್ ಖಾತೆಗೆ ಹೋಗುವಂತೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಕ್ಯಾಲೆಂಡರ್ ಗೊತ್ತುಮಾಡಿ. ಇಷ್ಟು ತಲೆನೋವು ಬೇಡವೆಂದರೆ, ಫೋನಿನ ಆ್ಯಪ್ ಬಿಟ್ಟು ಗೂಗಲ್ ಕ್ಯಾಲೆಂಡರ್ ಆ್ಯಪನ್ನೇ ಹಾಕಿಕೊಂಡು ಅದರಲ್ಲೇ ಬರೆಯಿರಿ.

ಜಿಮೇಲ್ ವಿಳಾಸವೇ ಇದೆ, ಆದರೂ ಕಾಣುತ್ತಿಲ್ಲವೆಂದರೆ ಆ ವಿಳಾಸವನ್ನು ಅಕ್ಷರ ಬಿಡದೆ ಓದಿ. ನಮ್ಮಲ್ಲಿ ಫೋನ್ ಮಾರುವ ಅಂಗಡಿಯಲ್ಲೇ, ಗಿರಾಕಿಗೆ ಹಳೆಯ ಪಾಸ್‌ವರ್ಡ್ ನೆನಪಿಲ್ಲವೆಂದು, ಹೊಸ ಜಿಮೇಲ್ ಖಾತೆ ತೆರೆದುಕೊಡುವ ರೂಢಿಯಿದೆ. ಹಾಗಾಗಿ ಫೋನಿನಲ್ಲಿ ಒಂದು ಖಾತೆ, ಕಂಪ್ಯೂಟರಿನಲ್ಲಿ ಇನ್ನೊಂದು. ಹೆಸರು ಒಂದೇ ಥರ, ಕೊನೆಯ ಅಂಕಿ ಬೇರೆ. ಹಳೆಯ ಖಾತೆಯ ಪಾಸ್‌ವರ್ಡನ್ನು ನಿಮ್ಮ ಮೊಬೈಲ್ ನಂಬರಿನ ಮೂಲಕ ಮರಳಿ ಪಡೆದು ಎರಡೂ ಕಡೆ ಅದೊಂದನ್ನೇ ಹಾಕಿ.

ಖಾತೆಯೂ ಒಂದೇ ಆಗಿದ್ದರೆ, ಆಗ ಸ್ವಿಚ್ಚುಗಳ ಕಡೆ ನೋಡಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ಸ್’ ಎಂಬುದಕ್ಕೆ ಹೋಗಿ, ನಿಮ್ಮ ಗೂಗಲ್ ಖಾತೆ ಒತ್ತಿ, ‘ಅಕೌಂಟ್ ಸಿಂಕ್’ ಒಳಗೆ ಕ್ಯಾಲೆಂಡರ್ ಆನ್ ಆಗಿದೆಯೇ ನೋಡಿ. ಗೂಗಲ್ ಕ್ಯಾಲೆಂಡರ್ ಆ್ಯಪ್‌ನ ಎಡಬದಿಯ ಪಟ್ಟಿಯಲ್ಲಿ ಆ ಕ್ಯಾಲೆಂಡರಿನ ಹೆಸರಿನ ಮುಂದೆ ಗುರುತು ಇದೆಯೇ ನೋಡಿ. ಬ್ಯಾಟರಿ ಉಳಿಸುವ ಮೋಡ್, ಡೇಟಾ ಸೇವರ್ ಎರಡೂ ಹಿನ್ನೆಲೆಯಲ್ಲಿ ನಡೆಯುವ ಸಿಂಕನ್ನು ತಡೆಯಬಲ್ಲವು. ಫೋನಿನಲ್ಲಿ ಜಾಗ ಪೂರ್ತಿ ತುಂಬಿದ್ದರೂ ಸಿಂಕ್ ನಿಂತುಹೋಗಬಹುದು. ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಅಳಿಸಿದ ಮೇಲೆ ಕ್ಯಾಲೆಂಡರ್ ಸರಿಯಾದ ಫೋನುಗಳನ್ನು ಕಂಡಿದ್ದೇನೆ.

ಐಫೋನಿನಲ್ಲಿ ಗೂಗಲ್ ಕ್ಯಾಲೆಂಡರ್ ತರೋದು ಹೇಗೆ?

ಎರಡು ದಾರಿ. ಗೂಗಲ್ ಕ್ಯಾಲೆಂಡರ್ ಆ್ಯಪ್ ಹಾಕಿಕೊಂಡು ಸೈನ್ ಇನ್ ಆಗುವುದು ಒಂದು. ಐಫೋನಿನದೇ ಕ್ಯಾಲೆಂಡರ್ ಆ್ಯಪ್‌ನಲ್ಲಿ ನೋಡಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲೆಂಡರ್ ಹುಡುಕಿ, ಅಕೌಂಟ್ಸ್‌ನಲ್ಲಿ ಗೂಗಲ್ ಸೇರಿಸಿ, ‘ಕ್ಯಾಲೆಂಡರ್ಸ್’ ಸ್ವಿಚ್ ಆನ್ ಮಾಡುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಬದಲಾವಣೆ ತಕ್ಷಣ ಕಾಣುವುದಿಲ್ಲ. ಐಫೋನು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಗೂಗಲ್ ಕಡೆ ಹೋಗಿ ವಿಚಾರಿಸಿಕೊಂಡು ಬರುತ್ತದೆ. ಎಷ್ಟು ಹೊತ್ತಿಗೊಮ್ಮೆ ಎಂಬುದು ‘ಫೆಚ್ ನ್ಯೂ ಡೇಟಾ’ ಎಂಬಲ್ಲಿದೆ. 15 ನಿಮಿಷಕ್ಕೆ ಇಟ್ಟುಕೊಳ್ಳಿ.

ಮನೆಯವರು ಹಂಚಿಕೊಂಡ ಕ್ಯಾಲೆಂಡರ್ ಐಫೋನಿನ ಆ್ಯಪ್‌ನಲ್ಲಿ ಕಾಣದಿದ್ದರೆ, ಗೂಗಲ್‌ನ ‘ಸಿಂಕ್ ಸೆಲೆಕ್ಟ್’ ಎಂಬ ಪುಟವನ್ನು ಬ್ರೌಸರಿನಲ್ಲಿ ಹುಡುಕಿ ತೆರೆದು, ಆ ಕ್ಯಾಲೆಂಡರಿನ ಹೆಸರಿಗೆ ಗುರುತು ಹಾಕಿ ಸೇವ್ ಮಾಡಬೇಕು. ಬಹಳ ಮಂದಿಗೆ ಈ ಪುಟ ಇರುವುದೇ ಗೊತ್ತಿಲ್ಲ. ಮತ್ತೆ, ಗೂಗಲ್‌ನಲ್ಲಿ ನೀವು ‘ಟಾಸ್ಕ್’ ಎಂದು ಬರೆದವು ಐಫೋನಿನ ಕ್ಯಾಲೆಂಡರಿಗೆ ಬರುವುದಿಲ್ಲ. ದಿನ ತಪ್ಪಬಾರದ ಸಂಗತಿಯನ್ನು ‘ಈವೆಂಟ್’ ಎಂದೇ ಬರೆಯಿರಿ.

ಐಫೋನಿನಲ್ಲಿ ಹೋದ ವರ್ಷದ ನಮೂದುಗಳೆಲ್ಲ ಮಾಯವಾಗಿವೆ!

ಅಳಿಸಿಹೋಗಿಲ್ಲ. ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್’ ಎಂಬುದರಲ್ಲಿ ಎಷ್ಟು ಹಿಂದಿನವರೆಗೆ ತೋರಿಸಬೇಕೆಂಬ ಆಯ್ಕೆಯಿದೆ. ಅದು ಒಂದು ತಿಂಗಳಿಗೆ ನಿಂತಿರಬಹುದು. ‘ಆಲ್ ಈವೆಂಟ್ಸ್’ ಎಂದು ಮಾಡಿದರೆ ಹಳೆಯವು ಮರಳುತ್ತವೆ. ಹಳೆಯ ರಕ್ತಪರೀಕ್ಷೆಯ ದಿನ, ಗಾಡಿ ಸರ್ವೀಸ್ ಮಾಡಿಸಿದ ದಿನ ಹುಡುಕುವವರಿಗೆ ಇದು ಮುಖ್ಯ.

ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲಿದ್ದ ಕ್ಯಾಲೆಂಡರ್ ಆ್ಯಪ್ ಈಗ ಕೆಲಸ ಮಾಡ್ತಿಲ್ಲ.

ಮೈಕ್ರೋಸಾಫ್ಟ್ ತನ್ನ ‘ಮೇಲ್ ಅಂಡ್ ಕ್ಯಾಲೆಂಡರ್’ ಆ್ಯಪಿನ ಬೆಂಬಲವನ್ನು 2024ರ ಡಿಸೆಂಬರ್ 31ಕ್ಕೆ ಮುಗಿಸಿ, ಅದರ ಜಾಗಕ್ಕೆ ಹೊಸ ಔಟ್‌ಲುಕ್ ತಂದಿದೆ. ಹೊಸ ಔಟ್‌ಲುಕ್‌ಗೆ ಗೂಗಲ್ ಖಾತೆ ಸೇರಿಸಬಹುದು. ಆದರೆ ನನ್ನ ಸಲಹೆ ಇನ್ನೂ ಸರಳ: ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, ಬ್ರೌಸರಿನ ಮೆನುವಿನಲ್ಲಿ ಅದನ್ನು ಆ್ಯಪ್ ಆಗಿ ಇನ್‌ಸ್ಟಾಲ್ ಮಾಡುವ ಆಯ್ಕೆ ಒತ್ತಿ. ಡೆಸ್ಕ್‌ಟಾಪಿನಲ್ಲಿ ಅದರದೇ ಚಿಹ್ನೆ ಬರುತ್ತದೆ. ನಡುವೆ ಇನ್ನೊಂದು ತಂತ್ರಾಂಶ ಇಲ್ಲದಿರುವುದರಿಂದ ಕೆಡುವುದಕ್ಕೆ ಏನೂ ಇರುವುದಿಲ್ಲ. ಬ್ರೌಸರ್ ಇಷ್ಟವಿಲ್ಲದವರಿಗೆ, ಲಿನಕ್ಸ್ ಬಳಸುವವರಿಗೆ ಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್ ಇದೆ. 2020ರ 78ನೇ ಆವೃತ್ತಿಯಿಂದ ಕ್ಯಾಲೆಂಡರ್ ಅದರೊಳಗೇ ಇದೆ. ಮ್ಯಾಕ್ ಇರುವವರು ಸಿಸ್ಟಂ ಸೆಟ್ಟಿಂಗ್ಸ್‌ನ ‘ಇಂಟರ್ನೆಟ್ ಅಕೌಂಟ್ಸ್’ನಲ್ಲಿ ಖಾತೆ ಸೇರಿಸಿದರೆ ಮುಗಿಯಿತು.

ಐಕ್ಲೌಡ್ ಕ್ಯಾಲೆಂಡರನ್ನು ಥಂಡರ್‌ಬರ್ಡ್‌ನಂಥ ಹೊರಗಿನ ತಂತ್ರಾಂಶಕ್ಕೆ ಜೋಡಿಸುವಾಗ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಆಪಲ್ ಖಾತೆಯ ಪುಟದಲ್ಲಿ ಆ ತಂತ್ರಾಂಶಕ್ಕೆಂದೇ ಪ್ರತ್ಯೇಕ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಒಂದೇ ನಮೂದು ಎರಡೆರಡು ಸಲ ಕಾಣುತ್ತೆ. ಒಂದನ್ನ ಅಳಿಸಿಬಿಡ್ಲಾ?

ದಯವಿಟ್ಟು ಮೊದಲು ಎರಡನ್ನೂ ತೆರೆದು, ಯಾವುದು ಯಾವ ಕ್ಯಾಲೆಂಡರಿನದ್ದು ನೋಡಿ. ಫೋನಿನಲ್ಲಿ ಎರಡು ಕ್ಯಾಲೆಂಡರ್ ಆ್ಯಪ್ ಇದ್ದರೆ, ಎರಡೂ ಅದೇ ಒಂದು ಗೂಗಲ್ ಕ್ಯಾಲೆಂಡರನ್ನು ತೋರಿಸುತ್ತಿರುತ್ತವೆ. ಇದರಲ್ಲಿರುವುದು ಹೆಚ್ಚುವರಿ ಎಂದು ಅಳಿಸಿದರೆ ಅದರಲ್ಲೂ, ಕಂಪ್ಯೂಟರಿನಲ್ಲೂ, ಹಂಚಿಕೊಂಡ ಅಕ್ಕನ ಫೋನಿನಲ್ಲೂ ಅಳಿಯುತ್ತದೆ. ಅಲಾರಂ ಎರಡು ಸಲ ಹೊಡೆದುಕೊಳ್ಳುವುದಕ್ಕೂ ಇದೇ ಕಾರಣ. ಒಂದು ಆ್ಯಪಿನ ನೋಟಿಫಿಕೇಶನ್ ನಿಲ್ಲಿಸಿದರೆ ಸಾಕು.

ನಿಜವಾಗಿಯೂ ಎರಡು ಪ್ರತಿ ಆಗಿದ್ದರೆ, ಒಂದು ಫೋನಿನೊಳಗಿನದು ಮತ್ತೊಂದು ಖಾತೆಯದು ಆಗಿರಬಹುದು, ಅಥವಾ ಎರಡು ಬೇರೆ ಖಾತೆಯವು. ನೀವು ಬಳಸಲು ಆರಿಸಿಕೊಂಡ ಖಾತೆಯದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸಿ. ರಜಾದಿನಗಳ ಪಟ್ಟಿ ಇಮ್ಮಡಿಯಾಗಿದ್ದರೆ ಒಂದರ ಗುರುತು ತೆಗೆದರೆ ಆಯಿತು, ಅಳಿಸುವ ಅಗತ್ಯವೇ ಇಲ್ಲ.

ಅಪ್ಪನ ತಿಥಿ, ಮನೆದೇವರ ಪೂಜೆ ಪ್ರತಿ ವರ್ಷ ತಾನಾಗಿ ಬರೋ ಹಾಗೆ ಮಾಡಬಹುದಾ?

ಈ ಪ್ರಶ್ನೆ ಕೇಳುವಾಗ ಜನ ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ, ಕಂಪ್ಯೂಟರಿಗೂ ಇದಕ್ಕೂ ಏನು ಸಂಬಂಧ ಎಂಬಂತೆ. ನನ್ನ ಮಟ್ಟಿಗೆ ಮನೆಯ ಕ್ಯಾಲೆಂಡರಿನಲ್ಲಿ ಇದಕ್ಕಿಂತ ದೊಡ್ಡ ನಮೂದು ಇಲ್ಲ.

ತಾನಾಗಿ ಬರುವಂತೆ ಮಾಡಲು ಆಗುವುದಿಲ್ಲ. ‘ಪ್ರತಿ ವರ್ಷ’ ಎಂದು ಒತ್ತಿದರೆ ಕ್ಯಾಲೆಂಡರ್ ಇಂಗ್ಲಿಷ್ ದಿನಾಂಕವನ್ನು ಎಣಿಸುತ್ತದೆ. ನಮ್ಮ ತಿಥಿ ಚಾಂದ್ರಮಾನದ್ದು. ವಿಜಯದಶಮಿಯನ್ನೇ ನೋಡಿ: 2023ರಲ್ಲಿ ಅಕ್ಟೋಬರ್ 24, 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ದಿನಾಂಕ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಬೇರೆ ಕ್ಯಾಲೆಂಡರ್ ಪದ್ಧತಿಯಲ್ಲಿ ಪುನರಾವರ್ತನೆ ಬರೆಯಲು 2015ರಲ್ಲಿ ಮಾನಕಕ್ಕೆ ಒಂದು ಸೇರ್ಪಡೆಯೇನೋ ಆಗಿದೆ, ಆದರೆ ಗೂಗಲ್ ಕ್ಯಾಲೆಂಡರಿನಲ್ಲಿ ತಿಥಿ ಪ್ರಕಾರ ಎಂಬ ಆಯ್ಕೆ ಇಲ್ಲ. ಶ್ರಾದ್ಧಕ್ಕೆ ಅಪರಾಹ್ಣದಲ್ಲಿ ತಿಥಿ ಇರಬೇಕೆಂಬ ನಿಯಮ, ಸ್ಮಾರ್ತರಿಗೊಂದು ದಿನ ವೈಷ್ಣವರಿಗೊಂದು ದಿನ ಬೀಳುವ ಏಕಾದಶಿ, ಇವನ್ನೆಲ್ಲ ಆ್ಯಪಿಗೆ ಬಿಡಲೂಬಾರದು. ಅದನ್ನು ಹೇಳಬೇಕಾದವರು ನಿಮ್ಮ ಪುರೋಹಿತರು, ನಿಮ್ಮ ಮನೆಯ ಪಂಚಾಂಗ.

ಮಾಡಬೇಕಾದ್ದು ಇಷ್ಟು. ಯುಗಾದಿಯ ಆಸುಪಾಸಿನಲ್ಲಿ ಹೊಸ ಒಂಟಿಕೊಪ್ಪಲ್ ಪಂಚಾಂಗ ಮನೆಗೆ ಬರುತ್ತದಲ್ಲ, ಆಗ ಮನೆಯ ಹಿರಿಯರ ಪಕ್ಕ ಕೂತು ಆ ವರ್ಷದ ದಿನಗಳನ್ನೆಲ್ಲ ಒಮ್ಮೆಗೇ ಬರೆದುಬಿಡಿ. ಗೂಗಲ್ ಕ್ಯಾಲೆಂಡರಿನಲ್ಲಿ ‘ತಿಥಿ-ಹಬ್ಬ’ ಎಂದು ಬೇರೆಯೇ ಒಂದು ಕ್ಯಾಲೆಂಡರ್ ಮಾಡಿ, ಅದರಲ್ಲಿ ಇಡೀ ದಿನದ ನಮೂದಾಗಿ ಹಾಕಿ. ವಿವರಣೆಯ ಜಾಗದಲ್ಲಿ ಮಾಸ, ಪಕ್ಷ, ತಿಥಿ ಪೂರ್ತಿ ಬರೆಯಿರಿ: ‘ಭಾದ್ರಪದ ಬಹುಳ ದಶಮಿ, ಅಜ್ಜಿಯದು’ ಎಂಬಂತೆ. ಮುಂದಿನ ವರ್ಷ ಬರೆಯುವವರು ನೀವಲ್ಲದೆ ನಿಮ್ಮ ಸೊಸೆಯಾಗಿದ್ದರೂ ಅವರಿಗೆ ಹುಡುಕಾಟ ಇರುವುದಿಲ್ಲ. ಎಚ್ಚರಿಕೆ ಒಂದು ವಾರ ಮೊದಲೇ ಬರುವಂತೆ ಇಡಿ, ಪುರೋಹಿತರಿಗೆ ಹೇಳಬೇಕು, ರಜೆ ಹಾಕಬೇಕು. ಇಡೀ ದಿನದ ನಮೂದುಗಳ ನೋಟಿಫಿಕೇಶನ್ ಸೆಟ್ಟಿಂಗ್ ಮಾಮೂಲಿ ನಮೂದುಗಳದ್ದಕ್ಕಿಂತ ಬೇರೆ ಇದೆ, ಅದನ್ನು ಮರೆಯದೆ ನೋಡಿ.

ಬಹಳ ದಿನಗಳಿದ್ದರೆ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಸಿಎಸ್‌ವಿ ಫೈಲಾಗಿ ಉಳಿಸಿ, ಕಂಪ್ಯೂಟರಿನ ಬ್ರೌಸರಿನಲ್ಲಿ ‘ಇಂಪೋರ್ಟ್’ ಮಾಡಬಹುದು. ‘ಸಬ್ಜೆಕ್ಟ್’, ‘ಸ್ಟಾರ್ಟ್ ಡೇಟ್’ ಎಂಬ ಅಂಕಣದ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆಯಿರಿ. ನಮ್ಮ ರೂಢಿಯಂತೆ ದಿನ ಮೊದಲು ಬರೆದರೆ ಜೂನ್ 5 ಎನ್ನುವುದು ಮೇ 6ಕ್ಕೆ ಹೋಗಿ ಕೂತೀತು.

ಕನ್ನಡದಲ್ಲಿ ಬರೆದರೆ ಎಲ್ಲಾ ಕಡೆ ಸರಿಯಾಗಿ ಕಾಣುತ್ತಾ?

ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪಿಕೊಂಡ ಅಕ್ಷರ ಸಂಕೇತ) ಕನ್ನಡವಾಗಿದ್ದರೆ ಖಂಡಿತ ಕಾಣುತ್ತದೆ. ಫೋನಿನ ಕೀಬೋರ್ಡು ಬರೆಯುವುದು ಯೂನಿಕೋಡನ್ನೇ. ಕಚೇರಿಯ ಹಳೆಯ ನುಡಿ ಅಥವಾ ಬರಹ ಕಡತಗಳಿಂದ ನಕಲು ಮಾಡಿ ಅಂಟಿಸಿದಾಗ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಆ ಕಡತಗಳು ಆಸ್ಕಿ ಫಾಂಟಿನವು. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅಂಟಿಸಿ. ಸಿಎಸ್‌ವಿ ಫೈಲ್ ಉಳಿಸುವಾಗಲೂ ‘ಯುಟಿಎಫ್-8’ ಎಂಬ ಬಗೆಯನ್ನೇ ಆರಿಸಬೇಕು, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಉಳಿಯುತ್ತವೆ.

ನಾಲೆ ನೀರಿನ ಸರದಿ, ಕಬ್ಬಿನ ಕಟಾವು ಇದರಲ್ಲಿ ಹಾಕಬಹುದಾ?

ಹಾಕಿ. ಆದರೆ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ, ಇಷ್ಟು ದಿನಕ್ಕೊಮ್ಮೆ ಎಂದು ಪುನರಾವರ್ತನೆ ಇಡಬೇಡಿ. ಅಣೆಕಟ್ಟೆಯ ಮಟ್ಟ ನೋಡಿಕೊಂಡು ಸರದಿ ಬದಲಾಗುತ್ತದೆ, ನಿಮ್ಮ ಫೋನು ಮಾತ್ರ ಹಳೆಯ ಲೆಕ್ಕವನ್ನೇ ಹೇಳುತ್ತಿರುತ್ತದೆ. ಪ್ರಕಟಣೆ ಬಂದಂತೆ ಬಿಡಿಬಿಡಿಯಾಗಿ ಬರೆಯಿರಿ. ಕಬ್ಬಿಗೆ ನಾಟಿ ಮಾಡಿದ ದಿನವನ್ನೂ, ಹನ್ನೆರಡು ತಿಂಗಳು ತುಂಬುವ ದಿನವನ್ನೂ ಬರೆದಿಟ್ಟರೆ ಕಾರ್ಖಾನೆಯವರ ಹತ್ತಿರ ಮಾತಾಡುವಾಗ ಕೈಯಲ್ಲಿ ದಿನಾಂಕ ಇರುತ್ತದೆ. ಗೊಬ್ಬರ ಹಾಕಿದ್ದು, ಕೂಳೆ ಬಿಟ್ಟದ್ದು ಕೂಡ ಅದೇ ಕ್ಯಾಲೆಂಡರಿನಲ್ಲಿರಲಿ. ಮೈಸೂರಿನಲ್ಲಿ ಓದುತ್ತಿರುವ ಮಗನಿಗೂ ಹೊಲದಲ್ಲಿ ಏನು ನಡೆಯುತ್ತಿದೆ ಎಂದು ಕಾಣುತ್ತದೆ.

ಮನೆಯವರೆಲ್ಲ ಒಂದೇ ಕ್ಯಾಲೆಂಡರ್ ನೋಡೋ ಹಾಗೆ ಮಾಡೋದು ಹೇಗೆ? ಪಾಸ್‌ವರ್ಡ್ ಕೊಟ್ಟುಬಿಡ್ಲಾ?

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಗಂಡ ಹೆಂಡತಿಯೂ ಒಂದೇ ಜಿಮೇಲ್ ಖಾತೆ ಇಟ್ಟುಕೊಳ್ಳುವುದು ಬೇಡ. ಒಬ್ಬರ ಬ್ಯಾಂಕ್ ಮೇಲ್, ಫೋಟೋ ಎಲ್ಲ ಇನ್ನೊಬ್ಬರ ಫೋನಿಗೆ ಹೋಗುತ್ತವೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, ‘ಮನೆ’ ಎಂದು ಹೊಸ ಕ್ಯಾಲೆಂಡರ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಮನೆಯವರ ಜಿಮೇಲ್ ವಿಳಾಸ ಸೇರಿಸಿ. ಪ್ರತಿಯೊಬ್ಬರಿಗೂ ಎಷ್ಟು ಅಧಿಕಾರ ಎಂದು ಗೊತ್ತುಮಾಡಬಹುದು: ಬಿಡುವಿದೆಯೋ ಇಲ್ಲವೋ ಎಂದಷ್ಟೇ ಕಾಣುವುದು, ಪೂರ್ತಿ ಓದುವುದು, ತಿದ್ದುವುದು, ಬೇರೆಯವರನ್ನು ಸೇರಿಸುವುದು. ಹೆಂಡತಿ, ಗಂಡ, ದೊಡ್ಡ ಮಕ್ಕಳಿಗೆ ತಿದ್ದುವ ಅಧಿಕಾರ ಕೊಡಿ. ಓದುವುದಕ್ಕಷ್ಟೇ ಕೊಟ್ಟ ಮನೆಗಳಲ್ಲಿ ಎಲ್ಲ ಬರೆಯುವ ಕೆಲಸ ಒಬ್ಬರ ಮೇಲೇ ಬೀಳುತ್ತದೆ, ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಮೇಲೆ. ಅಪ್ಪನ ಮಾತ್ರೆ ಮುಗಿಯುವ ದಿನ, ಗ್ಯಾಸ್ ಬುಕ್ ಮಾಡುವ ದಿನ ಎಲ್ಲರಿಗೂ ಸೇರಿದ ವಿಷಯ, ಎಲ್ಲರೂ ಬರೆಯಲಿ.

ಗೂಗಲ್‌ನ ಫ್ಯಾಮಿಲಿ ಗ್ರೂಪ್ ಮಾಡಿದರೆ ‘ಫ್ಯಾಮಿಲಿ’ ಎಂಬ ಕ್ಯಾಲೆಂಡರ್ ತಾನಾಗಿಯೇ ಸಿಗುತ್ತದೆ, ಆದರೆ ಅದರಲ್ಲಿ ಆರು ಜನಕ್ಕಿಂತ ಹೆಚ್ಚು ಸೇರಿಸಲಾಗದು. ಕೂಡು ಕುಟುಂಬದವರಿಗೆ ಮೊದಲ ದಾರಿಯೇ ಸರಿ. ‘ಸೀಕ್ರೆಟ್ ಅಡ್ರೆಸ್’ ಎಂಬ ಕೊಂಡಿಯನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದು ಸಿಕ್ಕವರಿಗೆ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ನಮೂದುಗಳೆಲ್ಲ ಕಾಣುತ್ತವೆ. ಈಗಾಗಲೇ ಹಾಕಿದ್ದರೆ ಅದೇ ಜಾಗದಲ್ಲಿ ‘ರೀಸೆಟ್’ ಒತ್ತಿ, ಹಳೆಯ ಕೊಂಡಿ ಸತ್ತುಹೋಗುತ್ತದೆ.

ಕಾಲೇಜಿನವರು ಕ್ಯಾಲೆಂಡರಿನ ಕೊಂಡಿ ಕೊಟ್ಟಿದ್ದಾರೆ, ಸೇರಿಸಿದೀನಿ. ಅವರು ಬದಲಿಸಿದ್ದು ನನಗೆ ಬರ್ತಿಲ್ಲ.

ಕೊಂಡಿಯ ಮೂಲಕ ಸೇರಿಸಿದ ಕ್ಯಾಲೆಂಡರ್ ಬರೀ ಓದುವುದಕ್ಕೆ, ಅದೂ ನಿಧಾನ. ಗೂಗಲ್‌ನಲ್ಲಿ ಬದಲಾವಣೆ ಕಾಣಲು 12 ಗಂಟೆಯವರೆಗೂ ಹಿಡಿಯಬಹುದು. ಇವತ್ತು ಸಂಜೆ ಮುಂದೂಡಿದ ನಾಳೆ ಬೆಳಗಿನ ಪರೀಕ್ಷೆಗೆ ಅದನ್ನು ನಂಬಬೇಡಿ. ಐಸಿಎಸ್ ಎಂಬ, ನಮೂದುಗಳನ್ನು ತುಂಬಿಟ್ಟ ಫೈಲನ್ನು ಇಳಿಸಿಕೊಂಡು ಇಂಪೋರ್ಟ್ ಮಾಡಿದ್ದರಂತೂ ಅದು ಆ ದಿನದ ಪ್ರತಿ ಮಾತ್ರ, ಮುಂದೆ ಎಂದೂ ಬದಲಾಗುವುದಿಲ್ಲ.

ಮಗ ಅಮೆರಿಕದಲ್ಲಿದ್ದಾನೆ. ಭಾನುವಾರದ ವಿಡಿಯೋ ಕಾಲ್ ಒಂದು ಗಂಟೆ ಹಿಂದೆ ಮುಂದೆ ಆಗುತ್ತೆ, ಯಾಕೆ?

ಕ್ಯಾಲೆಂಡರ್ ಕೆಟ್ಟಿಲ್ಲ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಹೋಗುತ್ತದೆ. ನ್ಯೂಯಾರ್ಕಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ನಮೂದನ್ನು ನೀವು ಭಾರತದ ಸಮಯದಲ್ಲಿ ಸಂಜೆ 8ಕ್ಕೆ ಬರೆದರೆ ನಿಮಗೆ ಯಾವಾಗಲೂ 8, ಮಗನಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 10:30, ಚಳಿಗಾಲದಲ್ಲಿ 9:30. ಅವನು ಅಲ್ಲಿನ ಸಮಯದಲ್ಲಿ ಬರೆದರೆ ಬದಲಾಗುವುದು ನಿಮ್ಮ ಕಡೆ. ಬೇಗ ಮಲಗುವ ಅಜ್ಜಿ ಮಾತಾಡಬೇಕಾದ ಕಾಲ್ ಆದರೆ ನಮೂದನ್ನು ಮೈಸೂರಿನಿಂದಲೇ ಮಾಡಿ.

ಎಲ್ಲ ನಮೂದುಗಳೂ ಗಂಟೆಗಟ್ಟಲೆ ಆಚೀಚೆ ಆಗಿದ್ದರೆ ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಭಾರತದ ಸಮಯಕ್ಕೆ, ಅಂದರೆ ಗ್ರೀನಿಚ್‌ಗಿಂತ 5:30 ಮುಂದಕ್ಕೆ ಇದೆಯೇ ನೋಡಿ.

ಆಫೀಸಿನ ಕ್ಯಾಲೆಂಡರಿನಲ್ಲೇ ಮನೆಯದನ್ನೂ ಬರೀತೀನಿ. ತಪ್ಪೇನಿದೆ?

ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತದೆ, ಮಗುವಿನ ಲಸಿಕೆಯ ದಿನಾಂಕಗಳೂ ಅದರ ಜೊತೆ ಹೋಗುತ್ತವೆ. ಆಫೀಸಿನ ಖಾತೆ ಆಫೀಸಿನ ಸ್ವತ್ತು. ಸಹೋದ್ಯೋಗಿಗಳಿಗೆ ನಿಮ್ಮ ಡಾಕ್ಟರ ಹೆಸರು ಕಾಣುವ ಸಾಧ್ಯತೆಯೂ ಇದೆ. ಹೆಬ್ಬಾಳದ ಕಡೆಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು ಫೋನಿನಲ್ಲಿ ಎರಡೂ ಖಾತೆ ಸೇರಿಸಿಕೊಂಡು, ಬೇರೆ ಬೇರೆ ಬಣ್ಣದಲ್ಲಿ ಒಟ್ಟಿಗೆ ನೋಡಬಹುದು. ಬರೆಯುವಾಗ ಬೇರೆ ಬೇರೆಯೇ ಇರಲಿ. ಕಂಪನಿಯ ನಿಯಮ ಒಪ್ಪದಿದ್ದರೆ ಆಫೀಸಿನದನ್ನು ಸ್ವಂತ ಫೋನಿಗೆ ಸೇರಿಸಬೇಡಿ.

ಟ್ರೇನಲ್ಲಿ ನೆಟ್‌ವರ್ಕ್ ಇಲ್ಲದಾಗ ಬರೆದರೆ ಹೋಗಿಬಿಡುತ್ತಾ?

ಇಲ್ಲ. ಪಾಂಡವಪುರ ದಾಟುವಾಗ ಬರೆದದ್ದು ಫೋನಿನಲ್ಲೇ ಕಾದಿದ್ದು, ಸಿಗ್ನಲ್ ಬಂದ ಕೂಡಲೇ ಖಾತೆಗೆ ಹೋಗುತ್ತದೆ. ಅಷ್ಟರೊಳಗೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುವುದು, ಖಾತೆ ತೆಗೆಯುವುದು ಮಾಡಬೇಡಿ.

ನಾನು ಬರೆಯದ ನಮೂದುಗಳು ಬರ್ತಿವೆ. ‘ನಿಮಗೆ ಬಹುಮಾನ ಬಂದಿದೆ’ ಅಂತ!

ಮೋಸದ ಆಹ್ವಾನ. ಅದರೊಳಗಿನ ಕೊಂಡಿ ಒತ್ತಬೇಡಿ, ‘ನೋ’ ಎಂದು ಉತ್ತರವನ್ನೂ ಕೊಡಬೇಡಿ, ಸ್ಪ್ಯಾಮ್ ಎಂದು ವರದಿ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಆಹ್ವಾನಗಳನ್ನು ಸೇರಿಸುವ ವಿಷಯಕ್ಕೆ ಹೋಗಿ, ಕಳಿಸಿದವರು ಪರಿಚಿತರಾಗಿದ್ದರೆ ಮಾತ್ರ ಎಂಬ ಆಯ್ಕೆ ಇಡಿ. ಐಫೋನಿನಲ್ಲಿ ಇಂಥವು ಬಂದರೆ ಗೊತ್ತಿಲ್ಲದ ಕ್ಯಾಲೆಂಡರಿಗೆ ಚಂದಾ ಆಗಿರುವ ಸಾಧ್ಯತೆ ಹೆಚ್ಚು. ಆ ಇಡೀ ಕ್ಯಾಲೆಂಡರಿನ ಚಂದಾ ತೆಗೆದುಹಾಕಬೇಕು.

ಅಳಿಸಿದ್ದನ್ನ ಮರಳಿ ತರಬಹುದಾ? ಫೋನೇ ಕಳೆದರೆ?

ಗೂಗಲ್ ಕ್ಯಾಲೆಂಡರಿನಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ, ಸೆಟ್ಟಿಂಗ್ಸ್ ಚಕ್ರದ ಕೆಳಗೆ ‘ಟ್ರ್ಯಾಶ್’ ಅಥವಾ ‘ಬಿನ್’ ಎಂದಿದೆ. ಫೋನ್ ಕಳೆದರೆ ನಮೂದುಗಳು ಖಾತೆಯಲ್ಲಿ ಸುರಕ್ಷಿತ, ಹೊಸ ಫೋನಿನಲ್ಲಿ ಅದೇ ಖಾತೆ ಹಾಕಿದರೆ ಬರುತ್ತವೆ. ಆದರೆ ಮೊದಲು ಬೇರೆ ಸಾಧನದಿಂದ ಗೂಗಲ್ ಖಾತೆಯ ಭದ್ರತೆಯ ಪುಟಕ್ಕೆ ಹೋಗಿ, ಕಳೆದ ಫೋನನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ನೀವು ಮನೆಯಲ್ಲಿಲ್ಲದ ದಿನಗಳು ಯಾವುವು ಎಂದು ಕ್ಯಾಲೆಂಡರ್ ಹೇಳುತ್ತದೆ, ಅದು ಕಳ್ಳನ ಕೈಯಲ್ಲಿರಬಾರದು. ಸೈಬರ್ ಸೆಂಟರಿನಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ನೋಡುವಾಗಲೂ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು, ಎದ್ದು ಹೋಗುವ ಮೊದಲು ಸೈನ್ ಔಟ್ ಮಾಡಿ.

ಅಮ್ಮನ ಹತ್ತಿರ ಕೀಪ್ಯಾಡ್ ಫೋನು. ಅವರಿಗೆ ಎಸ್‌ಎಂಎಸ್ ಹೋಗುತ್ತಾ?

ಗೂಗಲ್ ಕ್ಯಾಲೆಂಡರ್ ಎಸ್‌ಎಂಎಸ್ ಕಳಿಸುವುದನ್ನು 2019ರಲ್ಲಿ ನಿಲ್ಲಿಸಿತು. ‘ಮನೆ’ ಕ್ಯಾಲೆಂಡರಿನ ತಿಂಗಳ ನೋಟವನ್ನು ಬ್ರೌಸರಿನಿಂದ ಮುದ್ರಿಸಬಹುದು. ಅಕ್ಷರ ದೊಡ್ಡದಾಗಿ ಇಟ್ಟು, ಬೇಡದ ಕ್ಯಾಲೆಂಡರುಗಳ ಗುರುತು ತೆಗೆದು ಮುದ್ರಿಸಿದ ಹಾಳೆ ಅಮ್ಮನಿಗೆ ಸಾಕು. ಆಸ್ಪತ್ರೆಯ ದಿನದ ಹಿಂದಿನ ಸಂಜೆ ‘ಅಮ್ಮನಿಗೆ ಫೋನ್ ಮಾಡು’ ಎಂಬ ನಮೂದು ನಿಮ್ಮ ಕ್ಯಾಲೆಂಡರಿನಲ್ಲಿರಲಿ.

ಮುಂದೆ ಖಾತೆ ಬದಲಿಸಬೇಕು ಅಂದ್ರೆ?

ಬ್ರೌಸರಿನಲ್ಲಿ ಸೆಟ್ಟಿಂಗ್ಸ್‌ನ ‘ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್’ಗೆ ಹೋಗಿ ಎಕ್ಸ್‌ಪೋರ್ಟ್ ಒತ್ತಿ. ಪ್ರತಿ ಕ್ಯಾಲೆಂಡರಿಗೂ ಒಂದು ಐಸಿಎಸ್ ಫೈಲು ಇರುವ ಜಿಪ್ ಸಿಗುತ್ತದೆ. ಹೊಸ ಖಾತೆಯಲ್ಲಿ ಮೊದಲು ಅದೇ ಹೆಸರಿನ ಕ್ಯಾಲೆಂಡರುಗಳನ್ನು ಮಾಡಿಕೊಂಡು, ಒಂದೊಂದೇ ಫೈಲನ್ನು ಅದರದರ ಕ್ಯಾಲೆಂಡರಿಗೆ ಇಂಪೋರ್ಟ್ ಮಾಡಿ. ಎಲ್ಲವನ್ನೂ ಒಂದಕ್ಕೇ ಸುರಿದರೆ ಬೇರ್ಪಡಿಸುವುದು ಬಹಳ ಕಷ್ಟ. ಮನೆಯವರ ಜೊತೆ ಹಂಚಿಕೊಂಡ ಅಧಿಕಾರಗಳು ಫೈಲಿನಲ್ಲಿ ಬರುವುದಿಲ್ಲ, ಅವನ್ನು ಹೊಸದಾಗಿ ಕೊಡಬೇಕು. ಹಳೆಯ ಖಾತೆಯನ್ನು ಹಾಗೇ ಬಿಟ್ಟರೆ, ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು. ಆದ್ದರಿಂದ ಆ ಜಿಪ್ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಡಿ.